ಬರೀ ಬಾಡಿಗೇ ಇಷ್ಟೊಂದಾ!

“ಇನ್ನು ಮೇಲೆ ಈ ಮನೆಯೊಳಗೆ, ಕೊಂಡು ಅನುಭವಿಸಿದವರ ಅಭಿಪ್ರಾಯ ಕೇಳದೆ ಒಂದು ಗುಂಡುಸೂಜಿಯೂ ಬರಕೂಡದು!”

ಕನ್ನಡಕಪ್ಪ ಹೀಗೆಂದು ಘೋಷಿಸಿದಾಗ ಅವನ ಬಲಗೈ ಸೂರಿನ ಕಡೆಗಿತ್ತು, ಎಡಗೈಯಲ್ಲಿ ಸುಟ್ಟ ಇಸ್ತ್ರಿಪೆಟ್ಟಿಗೆಯಿತ್ತು. ಬಣ್ಣ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಅವನೇ ಆರಿಸಿ ತಂದಿದ್ದ. ಹೆಂಡತಿ ಹೊಲಿದು ಮುಗಿಸಿದ್ದ ಗಿರಾಕಿಯ ಕೋಟಿನ ಬೆನ್ನಿನ ಮೇಲೆ ಅದು ತನ್ನ ಹೆಜ್ಜೆಗುರುತನ್ನು ಶಾಶ್ವತವಾಗಿ ಮೂಡಿಸಿ, ಮೊದಲು ಹೊಗೆ ಬಿಟ್ಟು, ಆಮೇಲೆ ಪ್ರಾಣ ಬಿಟ್ಟಿತ್ತು.

“ಗುಂಡುಸೂಜಿ ನಾನೇ ತರ್ತೀನಿ,” ಎಂದಳು ಹೆಂಡತಿ, ಕೋಟನ್ನು ಶವದಂತೆ ಮಡಚುತ್ತ. “ನೀವು ಯಾವ ಅಂಗಡಿ ಮೆಟ್ಟಿಲೂ ಹತ್ತಬೇಡಿ. ಅಷ್ಟು ಉಪಕಾರ ಮಾಡಿ ಸಾಕು.”

ಕನ್ನಡಕಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ನಂಬರ್ ಹೇಳುವುದು ಅವನ ಕೆಲಸ. ಗಿರಾಕಿಯ ಮೂಗಿನ ಮೇಲೆ ಲೋಹದ ಚೌಕಟ್ಟು ಕೂರಿಸಿ, ಗಾಜಿನ ಮೇಲೆ ಗಾಜು ಬದಲಿಸುತ್ತ, “ಇದು ಸ್ಪಷ್ಟವೋ? ಅದು ಸ್ಪಷ್ಟವೋ? ಇದಾ? ಅದಾ?” ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಾನೆ. ಉತ್ತರ ಹೇಳುವುದು ಗಿರಾಕಿಯ ಪಾಡು. ಹೀಗೆ ಪ್ರಶ್ನೆ ಕೇಳಿ ಕೇಳಿಯೇ ಹೊಟ್ಟೆ ಹೊರೆದ ಮನುಷ್ಯನಿಗೆ ಸ್ವಂತ ನಿರ್ಧಾರ ಎಂಬ ನರವೇ ಸೊರಗಿಹೋಗಿತ್ತು. ಒಮ್ಮೆ ಧೈರ್ಯ ಮಾಡಿ ತಾನೇ ಆರಿಸಿದ್ದು ಆ ಇಸ್ತ್ರಿಪೆಟ್ಟಿಗೆಯನ್ನು! ಅಂದಿನಿಂದ ಮನೆಯಲ್ಲಿ ಹೆಂಡತಿ “ಕಾಫಿ ಕೊಡ್ಲಾ, ಟೀ ಕೊಡ್ಲಾ?” ಎಂದರೆ, “ನೀನು ಏನು ಕುಡೀತಿದ್ದೀಯ? ಅದು ಹೇಗಿದೆ?” ಎಂದು ಕೇಳುವ ಮಟ್ಟಕ್ಕೆ ಇಳಿದಿದ್ದ.

ಅವರದು ಮಹಡಿಯ ಮೇಲಿನ ಬಾಡಿಗೆ ಮನೆ. ಆ ಮನೆಯ ಪ್ರಾಣ ಇದ್ದದ್ದು ಮುಂದಿನ ಕೋಣೆಯ ಅಗಲವಾದ ಕಿಟಕಿಯಲ್ಲಿ. ಮನೆ ಹುಡುಕುವಾಗ ಹೆಂಡತಿ ಅಡುಗೆಮನೆ ನೋಡಿರಲಿಲ್ಲ, ಬಚ್ಚಲು ನೋಡಿರಲಿಲ್ಲ. ಆ ಕಿಟಕಿಯ ಮುಂದೆ ನಿಂತು, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಹಿಡಿದು, “ಇದೇ ಮನೆ,” ಎಂದಿದ್ದಳು. ಬೇರೆ ಯಾವ ಮನೆಯಲ್ಲೂ ಆ ದಾರ ಅವಳಿಗೆ ಕಂಡಿರಲಿಲ್ಲ. ಹೊಲಿಗೆ ಯಂತ್ರ ಆ ಕಿಟಕಿಯ ಕೆಳಗೆ ಕೂತದ್ದು ಕೂತದ್ದೇ. ಅವಳ ಬೆರಳುಗಳಿಗೆ ಅಲ್ಲಿಯೇ ಕಣ್ಣು ಬಂದಿತ್ತು. “ನನ್ನನ್ನ ಬೇಕಾದ್ರೆ ಮನೆಯಿಂದ ಆಚೆ ಹಾಕಿ, ಕಿಟಕಿ ಮಾತ್ರ ಬಿಡಲ್ಲ,” ಎಂದು ಅವಳು ತಮಾಷೆಗೆ ಹೇಳುತ್ತಿದ್ದಳು. ಅದು ತಮಾಷೆಯಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಈಗ ಆ ಕಿಟಕಿಗೆ ಭಾಗ್ಯದ ಬಾಗಿಲು ತೆರೆಯುವ ಕಾಲ ಬಂದಿತ್ತು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯವರು ಅವಳು ಹೊಲಿದ ಒಂದು ಕೋಟನ್ನು ಯಾರದೋ ಮೈಮೇಲೆ ನೋಡಿ ಮೆಚ್ಚಿ, “ನಿಮ್ಮ ಹೊಲಿಗೆಯ ಫೋಟೋ ಕಳಿಸಿ. ಹಿಡಿಸಿದರೆ ಇಡೀ ಚಳಿಗಾಲದ ಕೋಟುಗಳನ್ನು ನಿಮಗೇ ಕೊಡುತ್ತೇವೆ. ಬರುವ ಸೋಮವಾರ ಕೊನೆ,” ಎಂದು ಹೇಳಿಕಳಿಸಿದ್ದರು.

“ಮೊಬೈಲಲ್ಲಿ ತೆಗೆದು ಕಳಿಸ್ತೀನಿ,” ಎಂದಳು ಹೆಂಡತಿ.

ಕನ್ನಡಕಪ್ಪನಿಗೆ ಸಿಡಿಲು ಬಡಿದಂತಾಯಿತು. “ಮೊಬೈಲಲ್ಲಾ?! ಕಪ್ಪು ಕೋಟಿನ ಕಪ್ಪು ಹೊಲಿಗೆ ಮೊಬೈಲಲ್ಲಾ?!”

“ನಿಮ್ಮ ಹಳೇ ಕ್ಯಾಮೆರಾ ಇದೆಯಲ್ಲ?”

“ಅದಾ! ಅದನ್ನ ಎತ್ತೋಕೆ ಇಬ್ಬರು ಬೇಕು. ಒಳಗೆ ಕನ್ನಡಿ ಬೇರೆ. ಈಗ ಜಗತ್ತೆಲ್ಲ ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ ಹೋಗಿದೆ ಕಣೇ. ಮಿರರ್‌ಲೆಸ್! ಅದರಲ್ಲೂ ಫುಲ್ ಫ್ರೇಮ್, ಒಳಗಿನ ಸೆನ್ಸರ್ ದೊಡ್ಡದು. ಅದರಲ್ಲೂ ಅಂಗೈಯಷ್ಟೇ ಸಣ್ಣದು!”

“ಕನ್ನಡಿ ಇಲ್ದಿದ್ರೆ ಮುಖ ಹೇಗೋ ಕಾಣುತ್ತೆ?” ಎಂದರು ಅಮ್ಮ, ಒಳಗಿನಿಂದ. ಕನ್ನಡಕಪ್ಪನ ತಾಯಿ ಮಾತು ಆಡುವುದು ಕಡಿಮೆ. ಆಡಿದರೆ ಎದುರಿನವರ ಮಾತು ನಿಂತುಹೋಗುತ್ತದೆ.

ಅಂಗಡಿಯಲ್ಲೂ ಇದೇ ಪಾಡು. ಜೊತೆಯಲ್ಲಿ ಗಾಜು ಕೂರಿಸುವ ಫಿಟ್ಟರ್‌ಗೆ “ಫುಲ್ ಫ್ರೇಮ್ ತಗೋಬೇಕು ಅಂತಿದ್ದೀನಿ,” ಎಂದರೆ, ಆತ “ನಿಮ್ಮ ಮುಖಕ್ಕೆ ಹಾಫ್ ಫ್ರೇಮೇ ಒಪ್ಪುತ್ತೆ,” ಎಂದು ಟ್ರೇ ತಂದಿಟ್ಟ.

ಆದರೂ ಕನ್ನಡಕಪ್ಪ ಧೃತಿಗೆಡಲಿಲ್ಲ. ಫೋನ್ ತೆರೆದು, ಅಂಥ ಕ್ಯಾಮೆರಾ ಕೊಂಡವರ ಅಭಿಪ್ರಾಯಗಳ ಮಹಾಸಾಗರಕ್ಕೆ ಧುಮುಕಿದ. ಧುಮುಕಿದವನಿಗೆ ತಳವೂ ಸಿಗಲಿಲ್ಲ, ದಡವೂ ಸಿಗಲಿಲ್ಲ! ಒಬ್ಬ ಓನರ್ “ಅಂಗೈಯಲ್ಲಿ ಗುಬ್ಬಚ್ಚಿ ಕೂತ ಹಾಗೆ ಕೂರುತ್ತದೆ” ಎಂದು ಕರಗಿಹೋಗಿದ್ದರೆ, ಇನ್ನೊಬ್ಬ “ಕಿರುಬೆರಳಿಗೆ ಜಾಗವೇ ಇಲ್ಲ, ಅದು ಅನಾಥವಾಗಿ ಗಾಳಿಯಲ್ಲಿ ನೇತಾಡುತ್ತದೆ” ಎಂದು ಕಣ್ಣೀರು ಹಾಕಿದ್ದ. ಒಬ್ಬನಿಗೆ ಬ್ಯಾಟರಿ ದಿನವಿಡೀ ಬಂದಿತ್ತು. ಇನ್ನೊಬ್ಬನಿಗೆ ಕಾಫಿ ಆರುವಷ್ಟರಲ್ಲಿ ಮುಗಿದಿತ್ತು. ಒಬ್ಬ, ಬಂದ ಡಬ್ಬಿ ಬಲು ಗಟ್ಟಿಯಾಗಿದೆಯೆಂದು ಐದು ನಕ್ಷತ್ರ ಕೊಟ್ಟು ಕ್ಯಾಮೆರಾದ ಮಾತನ್ನೇ ಎತ್ತಿರಲಿಲ್ಲ. ಮತ್ತೊಬ್ಬ, ತಂದುಕೊಟ್ಟವನು ಗೇಟು ಹಾಕದೆ ಹೋದನೆಂದು ಒಂದೇ ನಕ್ಷತ್ರ ಕೊಟ್ಟಿದ್ದ.

ಕಿರುಬೆರಳಿನ ವಿಷಯ ಕನ್ನಡಕಪ್ಪನನ್ನು ಬಹಳ ಕಾಡಿತು. ಕ್ಯಾಮೆರಾದ ಅಳತೆಗೆ ಸರಿಹೊಂದುವ ಸೋಪಿನ ಪೆಟ್ಟಿಗೆಯೊಂದನ್ನು ಬಚ್ಚಲಿನಿಂದ ತಂದು, ಊಟಕ್ಕೆ ಕೂತಾಗಲೂ ಕಣ್ಣಿನ ಮುಂದೆ ಹಿಡಿದು, ಕಿರುಬೆರಳು ಎಲ್ಲಿಗೆ ಬರುತ್ತದೆಂದು ಪರೀಕ್ಷಿಸಿದ.

“ಅಮ್ಮಾ, ನಿಮ್ಮ ಮಗ ಸೋಪಿನ ಪೆಟ್ಟಿಗೇಲಿ ನನ್ನ ಫೋಟೋ ತೆಗೀತಿದ್ದಾರೆ,” ಎಂದಳು ಹೆಂಡತಿ.

“ನಗಮ್ಮಾ,” ಎಂದರು ಅಮ್ಮ. “ನೊರೆ ಚೆನ್ನಾಗಿ ಬರ್ಲಿ.”

ಶುಕ್ರವಾರ ಸಂಜೆಯ ಹೊತ್ತಿಗೆ ಕನ್ನಡಕಪ್ಪ ಒಂದು ಮಹಾ ಸತ್ಯವನ್ನು ಕಂಡುಕೊಂಡಿದ್ದ. ಹೊಗಳುವ ಓನರ್‌ಗಳನ್ನು ನಂಬಬಾರದು! ಅಷ್ಟು ಸುರಿದು ಕೊಂಡ ಮೇಲೆ ಕೆಟ್ಟದ್ದೆಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಈ ಸತ್ಯವನ್ನು ಹಂಚಿಕೊಳ್ಳಲು ಅವನು ಸ್ಟುಡಿಯೋ ಇಟ್ಟುಕೊಂಡಿದ್ದ ಗೆಳೆಯನಿಗೆ ಫೋನ್ ಮಾಡಿದ. ಮನೆಯೊಳಗೆ ಸಿಗ್ನಲ್ ಸಿಗದು. ಅದಕ್ಕೇ ಮೆಟ್ಟಿಲ ಮಧ್ಯದ ಕಟ್ಟೆಗೆ ಬಂದು ನಿಂತ. ಆ ಕಟ್ಟೆಯ ಸರಿಯಾಗಿ ಕೆಳಗೆ ಒಂದು ಕಿಟಕಿಯಿತ್ತು. ಕಿಟಕಿಯ ಒಳಗೆ ಒಂದು ಕುರ್ಚಿಯಿತ್ತು. ಕುರ್ಚಿಯಲ್ಲಿ ಮನೆ ಓನರ್ ಕೂತಿದ್ದರು!

ಮನೆ ಓನರ್ ಎಂದರೆ ಕೆಳಗಿನ ಮನೆಯಲ್ಲಿದ್ದ ನಿವೃತ್ತ ಟಿಕೆಟ್ ಕಲೆಕ್ಟರ್. ಅವರ ಕಣ್ಣಿಗೆ ಭೂಮಿಯ ಮೇಲೆ ಇದ್ದದ್ದು ಎರಡೇ ಬಗೆಯ ಜನ, ಟಿಕೆಟ್ ಇರುವವರು, ಇಲ್ಲದವರು. ಇಷ್ಟು ವರ್ಷಗಳಲ್ಲಿ ಕನ್ನಡಕಪ್ಪನ ಮನೆಯವರನ್ನು ಅವರು ಟಿಕೆಟ್ ಇರುವವರೆಂದೇ ನಂಬಿದ್ದರು.

ಕ್ಯಾಮೆರಾ ಲೋಕದಲ್ಲಿ, ಲೆನ್ಸ್ ಹಾಕದ ಬರೀ ಪೆಟ್ಟಿಗೆಗೆ ‘ಬಾಡಿ’ ಎನ್ನುತ್ತಾರೆ. ಇದು ಕನ್ನಡಕಪ್ಪನಿಗೂ ಗೆಳೆಯನಿಗೂ ಗೊತ್ತು. ಕುರ್ಚಿಯಲ್ಲಿ ಕೂತವರಿಗೆ ಗೊತ್ತಿಲ್ಲ. ಅವರ ಕಿವಿಗೆ ಮೇಲಿನಿಂದ ಬಿದ್ದದ್ದು ಇಷ್ಟು:

“ಏನು?! ಬರೀ ಬಾಡಿಗೇ ಇಷ್ಟೊಂದಾ! ಹಗಲುದರೋಡೆ ಕಣಯ್ಯಾ ಇದು!”

ಓನರ್ರು ಓದುತ್ತಿದ್ದ ಪತ್ರಿಕೆ ಕೆಳಗಿಳಿಯಿತು.

“ಓನರ್ ಮಾತು ಮಾತ್ರ ನಂಬಬೇಡ. ತನ್ನದಲ್ವಾ, ಹೊಗಳ್ಕೊಂಡೇ ಹೊಗಳ್ಕೋತಾನೆ. ಒಳಗೆ ಧೂಳು ತುಂಬಿದ್ರೂ ಬಾಯಿ ಬಿಡಲ್ಲ… ಹೂಂ, ಮಳೆ ಬಂದ್ರೆ ನೀರು ಒಳಗೇ ಇಳಿಯುತ್ತಂತೆ! ಬೇಸಿಗೇಲಿ ಮುಟ್ಟೋಕಾಗದಷ್ಟು ಬಿಸಿ! ಅಷ್ಟು ಕೊಟ್ಟ ಮೇಲೂ ಒಂದು ಕಿರುಬೆರಳಿಡೋಕೆ ಜಾಗ ಇಲ್ಲ ಅಂದ್ರೆ ಏನಯ್ಯಾ ಅನ್ಯಾಯ!”

ಪತ್ರಿಕೆ ನೆಲಕ್ಕೆ ಬಿತ್ತು.

“ಈ ಹಳೇದರ ಸಹವಾಸ ಸಾಕಪ್ಪ ನನಗೆ. ನಿನ್ನ ಸ್ಟುಡಿಯೋ ಗಾಜಿಗೆ ಒಂದು ಚೀಟಿ ಅಂಟಿಸು. ಭಾನುವಾರ ಯಾರು ಬಂದು ನೋಡಿದ್ರೂ ಸರಿ, ಅವತ್ತೇ ಬಿಟ್ಕೊಟ್ಟುಬಿಡ್ತೀನಿ.”

ಕೆಳಗೆ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಗಾಳಿ ಇರಬೇಕು ಎಂದುಕೊಂಡ ಕನ್ನಡಕಪ್ಪ. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ.

ಮರುದಿನ ಕೆಲಸಕ್ಕೆ ಹೊರಟಾಗ ಗೇಟಿನ ಬಳಿ ಓನರ್ರು ಅಡ್ಡ ನಿಂತಿದ್ದರು. ಮುಖ ಟಿಕೆಟ್ ತೂತು ಮಾಡುವ ಯಂತ್ರದ ಹಾಗಿತ್ತು.

“ಏನ್ರೀ, ಇಳಿಯೋ ಸ್ಟೇಷನ್ ಬಂತು ಅನ್ನಿ.”

ಎಷ್ಟು ಹಾಸ್ಯಗಾರರಪ್ಪಾ ಎಂದುಕೊಂಡ ಕನ್ನಡಕಪ್ಪ. “ಬಂತು ಸಾರ್! ಇವತ್ತು ಸ್ವಲ್ಪ ಬೇಗ!” ಎಂದು ಹಲ್ಲು ಕಿರಿದ.

“ಸಂತೋಷ. ಮುಖಕ್ಕೆ ಮುಖ ಕೊಟ್ಟು ಹೇಳಿದ್ರಲ್ಲ, ಅಷ್ಟಾದ್ರೂ ಮರ್ಯಾದೆ ಉಳೀತು,” ಎಂದು ಅವರು ಒಳಗೆ ಹೋದರು.

ಭಾನುವಾರ ಬಂತು. ಕನ್ನಡಕಪ್ಪನಿಗೆ ರಜೆ. ಹೆಂಡತಿ ಗುಂಡಿ ತರಲು ಪೇಟೆಗೆ ಹೋಗಿದ್ದಳು, ಅಮ್ಮ ಅಡುಗೆಮನೆಯಲ್ಲಿದ್ದರು. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಗಂಡಹೆಂಡತಿ ನಿಂತಿದ್ದರು. ಆತ ಬಸ್ ಡ್ರೈವರ್, ಖಾಕಿ ಅಂಗಿಯಲ್ಲೇ ಬಂದಿದ್ದ. ಆಕೆ ಆತನ ತೋಳು ಹಿಡಿದು ಒಳಗೆ ಇಣುಕುತ್ತಿದ್ದಳು.

“ಕೊಡೋದಿದೆ ಅಂತ ಗೊತ್ತಾಯ್ತು. ನೋಡ್ಬಹುದಾ?” ಎಂದ ಡ್ರೈವರ್.

ಹಳೆಯ ಕ್ಯಾಮೆರಾದ ಚೀಟಿ ಅಂಟಿಸಿದ ಗೆಳೆಯನನ್ನು ಕನ್ನಡಕಪ್ಪ ಮನಸ್ಸಿನಲ್ಲೇ ಅಪ್ಪಿಕೊಂಡ. “ಬನ್ನಿ, ಬನ್ನಿ, ಕೂತ್ಕೊಳ್ಳಿ! ನೋಡೋದು ಆಮೇಲೆ. ಮೊದಲು ನನ್ನ ಅಭಿಪ್ರಾಯ ಕೇಳಿ. ಅನುಭವಿಸಿದವನು ನಾನು. ಒಂದು ಚೂರೂ ಮುಚ್ಚಿಡಲ್ಲ. ಅದು ನನ್ನ ತತ್ವ!”

ಇಬ್ಬರೂ ಕೂತರು. ಆಕೆಯ ಕಣ್ಣು ಗೋಡೆ, ಸೂರು, ಮೂಲೆ ಎಲ್ಲ ಸುತ್ತುತ್ತಿತ್ತು. ನಾಚಿಕೆಯ ಹೆಂಗಸು ಪಾಪ ಎಂದುಕೊಂಡ ಕನ್ನಡಕಪ್ಪ.

“ಯಾಕೆ ಬಿಡ್ತಿದ್ದೀರಿ?” ಎಂದಳು ಆಕೆ.

“ಭಾರ ಅಮ್ಮಾ. ಹೊರೋಕಾಗಲ್ಲ.”

ಗಂಡಹೆಂಡತಿ ಮುಖಮುಖ ನೋಡಿಕೊಂಡರು. “ಓನರ್ ಅಷ್ಟೊಂದು ಹೇಳಲಿಲ್ವಲ್ಲ…” ಎಂದ ಡ್ರೈವರ್ ಮೆಲ್ಲಗೆ.

“ಓನರ್ ಇಲ್ಲೇ ಕೂತಿದ್ದೀನಿ, ನಾನೇ ಹೇಳ್ತಿದ್ದೀನಲ್ಲ!” ಎಂದು ಕನ್ನಡಕಪ್ಪ ಎದೆ ತಟ್ಟಿಕೊಂಡ.

“ಬೆಳಕು ಹೇಗೆ?”

“ಬೆಳಿಗ್ಗೆ ಅದ್ಭುತ! ಸಂಜೆ ಆಯ್ತೋ, ಕಾಳು ಕಾಳು.”

“ಕಾಳು ಕಾಳು ಅಂದ್ರೆ?”

“ಅಂದ್ರೆ ಕತ್ತಲಾದ ಕೂಡ್ಲೆ ಸಣ್ಣಸಣ್ಣಗೆ ಎಲ್ಲಾ ಕಡೆ ಬಂದ್ಬಿಡುತ್ತೆ. ಗೋಡೆ ಮೇಲೆ, ಬಟ್ಟೆ ಮೇಲೆ, ಮುಖದ ಮೇಲೂ. ಮೂಲೆಗಳಲ್ಲಂತೂ ತುಂಬಾ ಜಾಸ್ತಿ.”

ಆಕೆ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡಳು.

“ತೇವ, ಗೀವ?” ಎಂದ ಡ್ರೈವರ್.

“ಕೇಳಿದ್ದು ಒಳ್ಳೇದಾಯ್ತು. ಒಳಗೆ ಬೂಷ್ಟು ಹಿಡಿದಿದೆ. ಹೊರಗಿಂದ ಕಾಣಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಜೇಡರ ಬಲೆ ಹಾಗೆ ಹರಡಿಕೊಂಡಿದೆ. ಒರೆಸಿದ್ರೆ ಹೋಗಲ್ಲ, ಬೆಳೀತಾ ಹೋಗುತ್ತೆ.”

“ಸದ್ದುಗದ್ದಲ…?”

“ಅದೇ ನೋಡಿ ದೊಡ್ಡ ಕಷ್ಟ!” ಎಂದು ಕನ್ನಡಕಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. “ಒಳಗೆ ಕನ್ನಡಿ ಇದೆಯಲ್ಲ, ಅದು ತಾನಾಗೇ ಎದ್ದು ಬೀಳುತ್ತೆ. ಟಪ್ ಅಂತ! ಮಗು ಮಲಗಿರ್ಲಿ, ಯಾರಾದ್ರೂ ಅಳ್ತಿರ್ಲಿ, ಅದಕ್ಕೆ ಲೆಕ್ಕವೇ ಇಲ್ಲ. ಟಪ್!”

“ಕನ್ನಡಿ… ತಾನಾಗೇ… ಎದ್ದು ಬೀಳುತ್ತಾ?”

“ಅದು ಏಳೋ ಹೊತ್ತಿಗೆ ಒಂದು ಕ್ಷಣ ಕಣ್ಣು ಕತ್ತಲಾಗುತ್ತೆ. ಎದುರಿಗಿದ್ದವರು ಮಾಯ! ಆಮೇಲೆ ಮತ್ತೆ ಕಾಣಿಸ್ಕೋತಾರೆ. ನಮಗೆ ಅಭ್ಯಾಸ ಆಗಿಹೋಗಿದೆ ಬಿಡಿ. ಆದ್ರೂ ಸಾಕಾಯ್ತು. ಅದಕ್ಕೇ ಕನ್ನಡಿ ಇಲ್ಲದ್ದಕ್ಕೆ ಹೋಗ್ತಿದ್ದೀವಿ. ಇರಿ, ಒಳಗಿದೆ, ತಂದು ತೋರಿಸ್ತೀನಿ…”

ಅವನು ಕೋಣೆಯಿಂದ ಹಳೆಯ ಕ್ಯಾಮೆರಾ ಎತ್ತಿಕೊಂಡು ಬರುವಷ್ಟರಲ್ಲಿ ಕುರ್ಚಿಗಳು ಖಾಲಿ! ಬಾಗಿಲು ಹಾರುಹೊಡೆದಿತ್ತು. ಕಾಫಿಲೋಟ ಹಿಡಿದು ಬಂದ ಅಮ್ಮ ಅತ್ತಿತ್ತ ನೋಡಿದರು.

“ಯಾರಿಗೋ ಇದು?”

“ಗಿರಾಕಿಗಳು ಅಮ್ಮಾ. ಯೋಚನೆ ಮಾಡಿ ಹೇಳ್ತಾರೆ ಅನ್ಸುತ್ತೆ.”

“ಓಡ್ತಾ ಯೋಚನೆ ಮಾಡ್ತಾರಾ?” ಎಂದು ಅಮ್ಮ ಕಾಫಿಯನ್ನು ತಾವೇ ಕುಡಿದರು.

ಆಗ ಹೆಂಡತಿ ಏದುಸಿರು ಬಿಡುತ್ತ ಮೇಲೆ ಬಂದಳು. ಕೈಯಲ್ಲಿ ಗುಂಡಿಯ ಪೊಟ್ಟಣವಿತ್ತು.

“ರೀ! ಯಾರೋ ಹೆಂಗಸು ಮೆಟ್ಟಿಲ ಮೇಲೆ ನನ್ನ ಕೈ ಹಿಡ್ಕೊಂಡು, ‘ತಾಯಿ, ನೀವೂ ಬೇಗ ಬಿಟ್ಟು ಹೋಗಿ, ಸುಖವಾಗಿರ್ತೀರಿ’ ಅಂತ ಅಳ್ತಾ ಓಡಿಹೋದ್ಲು! ಗೇಟಿನ ಮೇಲೆ ಏನದು ಬೋರ್ಡು?”

“ಯಾವ ಬೋರ್ಡು?”

“‘ಮಹಡಿ ಮನೆ ಬಾಡಿಗೆಗೆ ಇದೆ’ ಅಂತ!”

ಕನ್ನಡಕಪ್ಪ ಬಾಗಿಲಿನಿಂದ ಕೆಳಗೆ ಇಣುಕಿದ. ಮಹಡಿ ಮನೆ ಎಂದರೆ ತಮ್ಮ ಮನೆ! ತಾವು ಒಳಗಿರುವಾಗಲೇ! ಹೆಂಡತಿ ಸೀದಾ ಹೋಗಿ ಕಿಟಕಿಯ ಮುಂದೆ, ಹೊಲಿಗೆ ಯಂತ್ರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಳು. ಕಿಟಕಿಯನ್ನು ಯಾರೋ ಕಿತ್ತುಕೊಂಡು ಹೋಗಲು ಬಂದಂತೆ.

ಇಸ್ತ್ರಿಪೆಟ್ಟಿಗೆ ಸುಟ್ಟ ದಿನವೂ ಅವಳು ಬೈದಿದ್ದಳು. ಬೈಯದೆ ನಿಂತ ಹೆಂಡತಿಯನ್ನು ಕನ್ನಡಕಪ್ಪ ನೋಡಿದ್ದು ಇದೇ ಮೊದಲು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಯ ಸದ್ದು. ಓನರ್ರು!

“ಒಳಗೆ ಬರಬಹುದಲ್ವಾ?” ಎಂದು ಬಂದೇ ಕೇಳಿದರು. “ಮನೆ ಫೋಟೋ ತೆಗೀಬೇಕು. ಈಗಿನ ಜನ ಫೋಟೋ ಇಲ್ದೆ ಬರಲ್ಲ. ನೀರು ಇಳಿಯೋದು, ಧೂಳು ತುಂಬಿರೋದು ಎಲ್ಲಾ ಬೀಳ್ಲಿ, ನಾನೂ ಮುಚ್ಚಿಡಲ್ಲ!”

ಹೀಗೆಂದು ಅವರು ಹೆಗಲಿನಿಂದ ಒಂದು ಚೀಲ ಇಳಿಸಿ, ಅದರಿಂದ ಹೊರತೆಗೆದದ್ದನ್ನು ನೋಡಿ ಕನ್ನಡಕಪ್ಪ ಗೋಡೆಗೆ ಒರಗಿಕೊಂಡ.

ಅದೇ! ಬೆಳ್ಳಿಯ ಬಣ್ಣದ್ದು, ಅಂಗೈಯಷ್ಟೇ ಸಣ್ಣದು. ಕನ್ನಡಿಯಿಲ್ಲದ ಫುಲ್ ಫ್ರೇಮ್! ಫೋನಿನ ಗಾಜಿನೊಳಗೆ ನೋಡಿ ನೋಡಿ ಅವನ ಕಣ್ಣಿನ ನಂಬರೇ ಹೆಚ್ಚಾಗಿತ್ತಲ್ಲ, ಅದೇ ಕ್ಯಾಮೆರಾ, ತನ್ನ ಕಾಲಿನ ಕೆಳಗಿನ ಮನೆಯಲ್ಲಿ ಇಷ್ಟು ದಿನ ನಿದ್ದೆ ಮಾಡುತ್ತಿತ್ತು!

“ಸಾರ್… ಇದು… ನಿಮ್ಮದಾ?”

“ಅಳಿಯ ತಂದುಕೊಟ್ಟದ್ದು. ಸರಿಯಮ್ಮಾ ಪಕ್ಕಕ್ಕೆ, ಕಿಟಕಿ ತೆಗೀಬೇಕು.”

ಹೆಂಡತಿ ಸರಿಯಲಿಲ್ಲ. ಓನರ್ರು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಅತ್ತ ತಿರುಗಿದರು, ಇತ್ತ ತಿರುಗಿದರು. “ಏನ್ರೀ ಇದು, ನಿಮ್ಮ ಮನೇಲಿ ಇಷ್ಟು ಕತ್ತಲೆ!”

“ಸಾರ್, ಮುಚ್ಚಳ ತೆಗೀಬೇಕು ಸಾರ್,” ಎಂದ ಕನ್ನಡಕಪ್ಪ. ಬಾಯಿಂದ ತಾನಾಗಿ ಬಂತು. ಕೈಯೂ ತಾನಾಗಿ ಹೋಗಿ ಮುಚ್ಚಳ ತೆಗೆಯಿತು. “ಬೆಳಕು ಎದುರಿಗೆ ಬೀಳ್ತಿದೆ, ಸ್ವಲ್ಪ ಈ ಕಡೆ ನಿಂತ್ಕೊಳ್ಳಿ. ಹಾಂ, ಹೀಗೆ! ಈಗ ಕೋಣೆ ಎರಡರಷ್ಟು ದೊಡ್ಡದು ಕಾಣುತ್ತೆ. ಯಾರು ನೋಡಿದ್ರೂ ಮನೆ ಬೇಕೇ ಬೇಕು ಅಂತಾರೆ…”

“ರೀ!” ಎಂದು ಹೆಂಡತಿ ಕಿರುಚಿದಳು. “ನಮ್ಮನ್ನ ಬೀದಿಗೆ ಹಾಕೋಕೆ ಫೋಟೋ ತೆಗೀತಿದ್ದಾರೆ, ನೀವು ಬೆಳಕು ಸರಿ ಮಾಡ್ತಿದ್ದೀರಾ?!”

“ಒಂದೇ ನಿಮಿಷ ಕಣೇ… ಸಾರ್, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ?”

ಹೆಂಡತಿಯ ಕೈಯಲ್ಲಿದ್ದ ಗುಂಡಿಯ ಪೊಟ್ಟಣ ಒಡೆಯಿತು. ಗುಂಡಿಗಳು ನೆಲದ ತುಂಬ ಉರುಳಿದವು. ಅದೇ ಹೊತ್ತಿಗೆ ಓನರ್ರ ಫೋನ್ ಬಡಿದುಕೊಂಡಿತು. ಕ್ಯಾಮೆರಾ ಹಿಡಿದ ಕೈ ಬಿಡಲಾರದೆ ಅವರು ಸ್ಪೀಕರ್ ಒತ್ತಿದರು. ಡ್ರೈವರನ ಧ್ವನಿ ಕೋಣೆಯ ತುಂಬ ಹರಡಿತು.

“ಸಾರ್, ನಿಮ್ಮ ಮನೆ ಬೇಡ ಸಾರ್! ಕತ್ತಲಾದ್ರೆ ಹುಳ ಮುತ್ಕೊಳ್ಳುತ್ತಂತೆ. ಬೂಷ್ಟು ಬೆಳೀತಾ ಇದೆಯಂತೆ. ಅದೆಲ್ಲಾ ಹೋಗ್ಲಿ, ಕನ್ನಡಿ ತಾನೇ ಎದ್ದು ಬೀಳುತ್ತಂತೆ, ಮನುಷ್ಯರು ಮಾಯ ಆಗ್ತಾರಂತೆ! ನನ್ನ ಹೆಂಡ್ತಿ ಇನ್ನೂ ನೀರು ಕುಡಿದಿಲ್ಲ ಸಾರ್. ಬಸ್ ಸ್ಟ್ಯಾಂಡಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದ್ದೀನಿ, ಯಾರೂ ಆ ಕಡೆ ಹೋಗ್ಬೇಡಿ ಅಂತ!”

ಫೋನ್ ನಿಂತಿತು. ಉರುಳುತ್ತಿದ್ದ ಕೊನೆಯ ಗುಂಡಿಯೂ ಗೋಡೆಗೆ ತಾಗಿ ನಿಂತಿತು.

ಓನರ್ರು ಬೆವರತೊಡಗಿದರು. “ಮನುಷ್ಯರು… ಮಾಯ ಆಗ್ತಾರಾ? ನನ್ನ ಮನೇಲಿ?”

ಕನ್ನಡಕಪ್ಪ ಹಳೆಯ ಕ್ಯಾಮೆರಾವನ್ನು ಎತ್ತಿ ಗುಂಡಿ ಒತ್ತಿದ. ಟಪ್! ಓನರ್ರು ಒಂದಡಿ ಹಾರಿದರು.

“ಇದೇ ಸಾರ್ ಆ ಕನ್ನಡಿ,” ಎಂದ ಅವನು, ಅಳುವ ದನಿಯಲ್ಲಿ. “ನಾನು ಮನೆ ವಿಷಯ ಹೇಳಲೇ ಇಲ್ಲ. ಇದನ್ನ ಕೊಳ್ಳೋಕೆ ಬಂದಿದ್ದಾರೆ ಅಂದ್ಕೊಂಡೆ. ಭಾರ ಇರೋದು ಇದು, ಬೂಷ್ಟು ಇರೋದು ಇದರಲ್ಲಿ, ಕತ್ತಲಲ್ಲಿ ಕಾಳು ಬರೋದು ಇದರ ಫೋಟೋದಲ್ಲಿ!”

“ಓಹೋ! ಹಾಗಾದ್ರೆ ಶುಕ್ರವಾರ ಮೆಟ್ಟಿಲ ಮೇಲೆ ನಿಂತು ‘ಬರೀ ಬಾಡಿಗೇ ಇಷ್ಟೊಂದಾ’ ಅಂದದ್ದು? ಇಷ್ಟು ವರ್ಷ ನಾನು ಬಾಡಿಗೆ ಏರಿಸಿದ್ದೀನಾ? ಹೇಳಿ, ಏರಿಸಿದ್ದೀನಾ?”

“ಬಾಡಿಗೆ ಅಲ್ಲ ಸಾರ್, ಬಾಡಿ! ಬಾಡಿ–ಗೆ! ಲೆನ್ಸ್ ಇಲ್ದೆ ಬರೀ ಬಾಡಿಗೆ ಅಷ್ಟು ಕೊಡ್ಬೇಕಾ ಅಂದೆ!”

ಹೆಂಡತಿ ಚಾಚಿದ್ದ ಕೈಗಳನ್ನು ನಿಧಾನವಾಗಿ ಇಳಿಸಿ, ಅದರಲ್ಲೊಂದನ್ನು ಹಣೆಗೆ ಬಡಿದುಕೊಂಡಳು.

“ಓನರ್ ಮಾತು ನಂಬಬೇಡ, ಒಳಗೆ ಧೂಳು ತುಂಬಿದ್ರೂ ಬಾಯಿ ಬಿಡಲ್ಲ ಅಂದದ್ದು?”

“ಆ ಓನರ್ ನೀವಲ್ಲ ಸಾರ್! ಖಂಡಿತಾ ನೀವಲ್ಲ! ಆ ಸಣ್ಣ ಬೆಳ್ಳಿ ಬಣ್ಣದ ಕ್ಯಾಮೆರಾ ಇಟ್ಕೊಂಡಿರ್ತಾರಲ್ಲ, ಅಂಥ ಓನರ್‌ಗಳಿಗೆ ಅಂದದ್ದು!”

ಓನರ್ರು ತಮ್ಮ ಕೈಯಲ್ಲಿದ್ದ ಸಣ್ಣ ಬೆಳ್ಳಿ ಬಣ್ಣದ ಕ್ಯಾಮೆರಾವನ್ನು ನೋಡಿದರು. ಕನ್ನಡಕಪ್ಪನನ್ನು ನೋಡಿದರು.

“ಅಂದ್ರೆ ನಾನೇ ಅಲ್ವೇನ್ರೀ?”

ಕನ್ನಡಕಪ್ಪನಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಯಾವ ಗಾಜು ಹಾಕಿ ನೋಡಿದರೂ ಬೈದದ್ದು ಇವರನ್ನೇ! ಇದಾ ಎಂದರೂ ಇವರೇ, ಅದಾ ಎಂದರೂ ಇವರೇ!

ಆಗ ಮಾತಾಡಿದವಳು ಹೆಂಡತಿ.

“ಸಾರ್, ಇವರು ಏನಂದ್ರೋ ಯಾರಿಗಂದ್ರೋ ನನಗೆ ಬೇಡ. ನನಗೆ ಈ ಕಿಟಕಿ ಬಿಟ್ರೆ ಕೈಯಿಲ್ಲ, ಕಣ್ಣಿಲ್ಲ. ನಾಳೆ ಕೋಟಿನ ಫೋಟೋ ಕಳಿಸ್ಬೇಕು. ನಾಳೆಯ ತನಕನಾದ್ರೂ ಬಿಡಿ.”

ಓನರ್ರು ಕಿಟಕಿಯನ್ನು ನೋಡಿದರು. ಅದರ ಬೆಳಕಿನಲ್ಲಿ ತೂಗುಹಾಕಿದ್ದ ಕಪ್ಪು ಕೋಟನ್ನು ನೋಡಿದರು. ಹತ್ತಿರ ಹೋಗಿ ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಕುರ್ಚಿಯಲ್ಲಿ ಧೊಪ್ಪನೆ ಕೂತರು.

“ನಾಳೆಯ ತನಕ ಏನಮ್ಮಾ! ಬಸ್ ಸ್ಟ್ಯಾಂಡಿಗೆಲ್ಲ ಸುದ್ದಿ ಹರಡಿದೆಯಲ್ಲ, ಇನ್ನು ಈ ಮನೆಗೆ ಯಾರು ಬರ್ತಾರೆ? ಇವನ ಬಾಯಿ ಇರೋ ತನಕ ನನಗೆ ನೀವೇ ಗತಿ, ನಿಮಗೆ ನಾನೇ ಗತಿ. ಬೋರ್ಡ್ ಇಳಿಸ್ಬಿಡಿ!”

ಹೆಂಡತಿ ದಡದಡನೆ ಮೆಟ್ಟಿಲಿಳಿದು ಹೋಗಿ, ಬೋರ್ಡು ಹಿಡಿದುಕೊಂಡೇ ಮೇಲೆ ಬಂದಳು. ಅದನ್ನು ಹೊಲಿಗೆ ಯಂತ್ರದ ಅಲುಗಾಡುವ ಕಾಲಿಗೆ ಆಸರೆಯಾಗಿ ಇಟ್ಟಳು.

ಕೋಟಿನ ಫೋಟೋ ಅಂದೇ, ಅದೇ ಕಿಟಕಿಯಲ್ಲಿ, ಓನರ್ರ ಕ್ಯಾಮೆರಾದಲ್ಲೇ ತೆಗೆದದ್ದಾಯಿತು. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಎಳೆ ಎಳೆಯಾಗಿ ಕಂಡಿತು. “ಆಗಾಗ ಬಂದು ಕಲಿಸಿಕೊಡಿ, ನಿಮಗೆ ಬೇಕಾದಾಗ ತಗೊಂಡ್ಹೋಗಿ,” ಎಂದರು ಓನರ್ರು. ಕನ್ನಡಕಪ್ಪನ ಕಿರುಬೆರಳು ಗಾಳಿಯಲ್ಲಿ ನೇತಾಡಿತು, ನಿಜ. ಅದರ ಬಗ್ಗೆ ಯಾರಿಗೂ ಹೇಳುವ ಧೈರ್ಯ ಅವನಿಗಿರಲಿಲ್ಲ.

ಆದರೂ ಹುಟ್ಟುಗುಣ ಸುಮ್ಮನಿರಬೇಕಲ್ಲ! ಎಲ್ಲರೂ ಕಾಫಿಗೆ ಕೂತಾಗ ಅವನು ಮೆಲ್ಲಗೆ ಓನರ್ರ ಕಡೆ ಬಾಗಿದ.

“ಸಾರ್, ತಪ್ಪು ತಿಳ್ಕೋಬೇಡಿ. ಇಷ್ಟು ದಿನ ಇಟ್ಕೊಂಡಿದ್ದೀರಲ್ಲ, ಕ್ಯಾಮೆರಾ ಹೇಗಿದೆ ಸಾರ್? ನಿಮ್ಮ ಅಭಿಪ್ರಾಯ?”

“ಓನರ್ ಮಾತು ನಂಬಬಾರ್ದು ಅಂದೋರು ನೀವೇ ಅಲ್ವೇನ್ರೀ?” ಎಂದು ಅವರು ಮೊದಲ ಸಲ ನಕ್ಕರು. ನಗುತ್ತಲೇ ಹೆಂಡತಿಯ ಕಡೆ ತಿರುಗಿದರು. “ಅಲ್ಲಮ್ಮಾ, ಇವರಿಗೆ ಓನರ್ ನೀವು. ಇಷ್ಟು ವರ್ಷ ಅನುಭವಿಸಿದ್ದೀರಿ. ನಿಮ್ಮ ಅಭಿಪ್ರಾಯ ಏನು?”

ಹೆಂಡತಿ ಹಲ್ಲಿನಲ್ಲಿ ದಾರ ಕತ್ತರಿಸಿ, ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಬಾಡಿ ಪರವಾಗಿಲ್ಲ ಸಾರ್. ಫೋಕಸ್ ನಿಲ್ಲಲ್ಲ. ಶಬ್ದ ಜಾಸ್ತಿ. ಬೇಗ ಬಿಸಿಯಾಗ್ತಾರೆ.”

ಕನ್ನಡಕಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಓನರ್ರು ಸದ್ದಿಲ್ಲದೆ ಅದನ್ನೊಂದು ಫೋಟೋ ತೆಗೆದರು. ಅವರು ಸ್ವಂತವಾಗಿ ತೆಗೆದವುಗಳಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ.

“ಅಮ್ಮಾ!” ಎಂದು ಅವನು ಕೊನೆಯ ಆಸೆಯಿಂದ ಒಳಗೆ ನೋಡಿದ. “ನೀನಾದ್ರೂ ನನ್ನ ಪರವಾಗಿ ಒಂದು ಮಾತು ಹೇಳಮ್ಮಾ!”

ಅಮ್ಮ ಲೋಟ ತೊಳೆಯುತ್ತಲೇ ಹೇಳಿದರು:

“ನನ್ನನ್ನ ಎಳೀಬೇಡ ಮಗಾ. ತಯಾರು ಮಾಡಿದ್ದು ನಾನೇ ನಿಜ, ಆದ್ರೆ ವಾಪಸ್ ತಗೊಳ್ಳಲ್ಲ.”